ಹೂಮಳೆ ಬಾರದ ಮಾರ್ಚ್
ಮಾರ್ಚ್ ಬಂತೆಂದರೆ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡಿನ ರೊಬಸ್ಟಾ ಕಾಫಿ ಬೆಳೆಗಾರರ ಕಣ್ಣೆಲ್ಲ ಆಕಾಶದ ಮೇಲೆ. ಹೂಮಳೆ ಒಂದಿಂಚು ಬಿದ್ದರೆ ಎಂಟು-ಹತ್ತು ದಿನದಲ್ಲಿ ಹೂ ಅರಳಿ ತೋಟ ಬೆಳ್ಳಗಾಗುತ್ತದೆ. ಅರೆಬರೆ ಹನಿದರೆ ಮೊಗ್ಗು ಗಿಡದಲ್ಲೇ ಕರಕು. ಹೀಗೆ ಮಳೆ ಕಾಯುವವರಲ್ಲಿ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತ ಕುಟುಂಬಗಳೂ ಈ ಕಾಫಿ ಸೀಮೆಯಲ್ಲಿವೆ. 1963ರಿಂದ ಚಿಕ್ಕಮಗಳೂರೇ ಒಂದು ಕಥೋಲಿಕ ಧರ್ಮಪ್ರಾಂತ್ಯ. ಮಳೆಯ ಚಿಂತೆಯಲ್ಲಿರುವ ಈ ಕುಟುಂಬಗಳಿಗೂ ಗೊತ್ತು, ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಯೇಸು ಹಕ್ಕಿಗಳನ್ನೂ ಹೂಗಳನ್ನೂ ತೋರಿಸಿ ನಾಳೆಯ ಚಿಂತೆ ಬಿಡಿಸಿದ್ದು ಕೈಕಟ್ಟಿ ಕೂರಲೆಂದಲ್ಲ. (ಹಕ್ಕಿಯೂ ಹೊಟ್ಟೆಪಾಡಿಗೆ ಹಾರಲೇಬೇಕಲ್ಲ!) ದೇವರನ್ನು ನಂಬಿದವನೂ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ತಿರುಗಿಸುತ್ತಾನೆ. ಕೆರೆ ತಳ ಕಂಡ ಮೇಲೆ ರಾತ್ರಿಯಿಡೀ ಮೊಬೈಲಿನಲ್ಲಿ ಹವಾಮಾನ ನೋಡುತ್ತ ಕೂತರೆ ಮೋಡವೇನೂ ಕಟ್ಟುವುದಿಲ್ಲ. ಒಂದು ಜಪಸರ ಮುಗಿಸಿ ಮಲಗುವುದೇ ವಾಸಿ. ಬೆಳಗಾದರೆ ಆಳುಗಳು ಬರುತ್ತಾರೆ, ಅವರಿಗೆ ಕೆಲಸ ಹೇಳಬೇಕು.