ಅರಿವಿನ ಹೊಲಗಳು ಹಲವು



ಕಳೆದ ಹುಣ್ಣಿಮೆಯ ದಿನ ಶ್ರೀಮಠಕ್ಕೆ ದರ್ಶನಾರ್ಥವಾಗಿ ಬಂದಿದ್ದ ಸದ್ಭಕ್ತರೊಬ್ಬರು ಪ್ರಸಾದವಾದ ಮೇಲೆ ನನ್ನ ಕೊಠಡಿಗೆ ಬಂದು ಕುಳಿತರು. ಅವರ ಮುಖದಲ್ಲಿ ಚಿಂತೆಯಿತ್ತು. “ಶಾಸ್ತ್ರಿಗಳೇ, ಮಗಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ್ದಾಳೆ. ಈಗ ಸಂಶೋಧನೆ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಇನ್ನೂ ನಾಲ್ಕೈದು ವರ್ಷ ಗಿಡಗಂಟಿ ನೋಡಿ ಬರುವುದಾದರೂ ಏನು? ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ನೌಕರಿ ಹಿಡಿಯಲಿ ಎಂಬುದು ನಮ್ಮ ಆಸೆ. ತಾವೊಂದು ಮಾತು ಹೇಳಿದರೆ ಅವಳು ಕೇಳುತ್ತಾಳೆ” ಎಂದರು.

ಆ ಒಂದು ಮಾತನ್ನು ಹೇಳಲು ನನ್ನ ನಾಲಗೆ ಏಳಲಿಲ್ಲ. ಏಕೆಂದರೆ ಅಂತಹ ಮಾತೊಂದನ್ನು ನಾನು ಸುಮಾರು ಮೂವತ್ತು ವರ್ಷಗಳ ಹಿಂದೆ ಹೇಳಿದ್ದೆ.

ಆಗ ನಮ್ಮ ಭಾಗದ ಹಳ್ಳಿಯ ತರುಣನೊಬ್ಬ ಎರಡು ನೋಟ್‌ಬುಕ್ಕುಗಳನ್ನು ಹಿಡಿದು ಬಂದಿದ್ದ. ತನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಬರೆದುಕೊಂಡಿದ್ದ. ಇನ್ನೂ ನೂರಾರು ಪದಗಳು ಆಕೆಗೆ ಬರುತ್ತವೆ, ಇದರ ಮೇಲೆ ಸಂಶೋಧನೆ ಮಾಡಬಹುದೇ ಎಂದು ಕೇಳಿದ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ, ತಾಳೆಗರಿಯ ಗ್ರಂಥಗಳ ನಡುವೆ ಬೆಳೆದ ನನಗೆ ಗ್ರಂಥವಿಲ್ಲದ ಸಂಶೋಧನೆಯನ್ನು ಊಹಿಸಲೂ ಆಗುತ್ತಿರಲಿಲ್ಲ. “ತಮ್ಮಾ, ಇದು ಸಂಶೋಧನೆಯಲ್ಲ. ಶಾಸ್ತ್ರ ಹಿಡಿ, ಇಲ್ಲವೇ ನೌಕರಿ ಹಿಡಿ” ಎಂದುಬಿಟ್ಟೆ. ಅವನು ನೌಕರಿ ಹಿಡಿದ. ಹಲವು ವರ್ಷಗಳ ನಂತರ ಜಾತ್ರೆಯಲ್ಲಿ ಭೇಟಿಯಾದಾಗ ಅಜ್ಜಿ ಲಿಂಗೈಕ್ಯಳಾದುದನ್ನೂ, ಹಳೆಯ ಮನೆ ಕೆಡವುವಾಗ ಆ ನೋಟ್‌ಬುಕ್ಕುಗಳು ಎಲ್ಲಿಯೋ ಹೋದುದನ್ನೂ ಹೇಳಿದ. ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನ ಅಜ್ಞಾನಕ್ಕೆ ಕ್ಷಮೆಯೂ ಇಲ್ಲ. ಹಲಸಂಗಿಯ ಗೆಳೆಯರು ಇಂತಹ ಪದಗಳನ್ನೇ ಸಂಗ್ರಹಿಸಿ ‘ಗರತಿಯ ಹಾಡು’ ಎಂಬ ಗ್ರಂಥವನ್ನು 1931ರಲ್ಲಿಯೇ ಪ್ರಕಟಿಸಿದ್ದರು. ಮುಂದೆ 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಾನು ಸಂಶೋಧನೆಯಲ್ಲವೆಂದ ವಿಷಯಕ್ಕೆ ಈಗ ಪೀಠಗಳಿವೆ, ಪದವಿಗಳಿವೆ. ಆ ಅಜ್ಜಿ ಮಾತ್ರ ಇಲ್ಲ.

ಸಂಶೋಧನೆ ಎಂದರೆ ಒಂದೇ ಬಗೆಯ ಕಾಯಕವಲ್ಲ. ಒಕ್ಕಲುತನವೆಂಬ ಹೆಸರು ಒಂದೇ ಆದರೂ ಎರೆಹೊಲದ ಜೋಳಕ್ಕೂ ಮಲೆನಾಡಿನ ಅಡಕೆಗೂ ಮಾಡುವ ಆರೈಕೆ ಬೇರೆ, ಕಾಯುವ ಕಾಲವೂ ಬೇರೆ. ಹಾಗೆಯೇ ಒಂದೊಂದು ಶಾಸ್ತ್ರಕ್ಕೂ ಅದರದೇ ಆದ ಹೊಲ, ಅದರದೇ ಆದ ಸಾಕ್ಷಿ, ಅದರದೇ ಆದ ಸಹನೆ ಇರುತ್ತದೆ.

ಮೊದಲು ನನಗೆ ಪರಿಚಿತವಾದ ಹೊಲವನ್ನೇ ನೋಡೋಣ. ಮೈಸೂರಿನ ಪ್ರಾಚ್ಯ ಗ್ರಂಥಾಲಯವು 1891ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟೊಂದು ಬಂದಿತು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. ಅವರು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಗ್ರಂಥರೂಪದಲ್ಲಿ ಹೊರತಂದರು. ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತ ಜಗತ್ತಿನ ತಿಳಿವಳಿಕೆಯೇ ಬದಲಾಯಿತು. ಇದು ಗ್ರಂಥಾಲಯದ ಮೇಜಿನ ಮುಂದೆ ಕುಳಿತು ಮಾಡಿದ ಸಾಧನೆ.

ಡಾ. ಫ.ಗು. ಹಳಕಟ್ಟಿಯವರ ಹೆಸರನ್ನು ಅರಿಯದ ಮನೆ ನಮ್ಮಲ್ಲಿ ಇರಲಾರದು. ಆದರೆ ಅವರು ಪ್ರಾಧ್ಯಾಪಕರಾಗಿರಲಿಲ್ಲ, ವಿಜಾಪುರದಲ್ಲಿ ವಕೀಲರಾಗಿದ್ದರು ಎಂಬುದನ್ನು ಎಷ್ಟು ಮಂದಿ ನೆನೆಯುತ್ತಾರೆ? ಮನೆಮನೆ ತಿರುಗಿ ವಚನಗಳ ಹಸ್ತಪ್ರತಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಸ್ವಂತ ಮನೆಯನ್ನು ಮಾರಿ ಮುದ್ರಣಾಲಯ ಹೂಡಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ತೋರಿದ ದಾರಿಯಲ್ಲಿ ಅನೇಕ ವಿದ್ವಾಂಸರು ದುಡಿದ ಫಲವಾಗಿ, ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 1993ರಲ್ಲಿ ಹದಿನೈದು ಭಾಗಗಳಾಗಿ ಹೊರಬಂದವು. ಬಿತ್ತನೆಗೂ ಈ ರಾಶಿಗೂ ನಡುವೆ ಎಪ್ಪತ್ತು ವರ್ಷಗಳ ಅಂತರ! ಸಂಶೋಧನೆಯ ಫಲವನ್ನು ವರ್ಷದ ಲೆಕ್ಕದಲ್ಲಿ ಕೇಳುವವರು ಇದನ್ನು ಗಮನಿಸಬೇಕು.

ಸಮಾಜಶಾಸ್ತ್ರದ ಹೊಲವಾದರೋ ಊರಿನ ಓಣಿ. ಮೈಸೂರಿನವರಾದ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ವಾಸವಾಗಿದ್ದು ಜನರ ಬಾಳನ್ನು ಕಣ್ಣಾರೆ ಕಂಡು ಟಿಪ್ಪಣಿ ಮಾಡಿಕೊಂಡರು. ಆ ಊರಿಗೆ ರಾಂಪುರವೆಂಬ ಹೆಸರನ್ನು ಅವರೇ ಇಟ್ಟರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ಎದೆಗುಂದದೆ ನೆನಪನ್ನೇ ಆಧಾರವಾಗಿಟ್ಟುಕೊಂಡು ಗ್ರಂಥ ರಚಿಸಿದರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಆ ಕೃತಿ ಜಗನ್ಮಾನ್ಯವಾಯಿತು.

ಸಸ್ಯಶಾಸ್ತ್ರಕ್ಕೆ ಕಾಡೂ ಬೇಕು, ಸೂಕ್ಷ್ಮದರ್ಶಕವೂ ಬೇಕು. ಡಿ.ವಿ.ಜಿ.ಯವರ ಪುತ್ರರಾದ ಡಾ. ಬಿ.ಜಿ.ಎಲ್. ಸ್ವಾಮಿಯವರು ಗಿಡದ ಕಾಂಡ, ಹೂಗಳನ್ನು ಕಾಗದಕ್ಕಿಂತ ತೆಳುವಾಗಿ ಸೀಳಿ ಅವುಗಳ ಒಳರಚನೆಯನ್ನು ಅಭ್ಯಸಿಸಿದವರು. ತಾವು ಕಂಡ ಹೊಸ ಸಸ್ಯವೊಂದಕ್ಕೆ ತಮ್ಮ ಹಾರ್ವರ್ಡ್ ಗುರುಗಳಾದ ಇರ್ವಿಂಗ್ ಬೈಲಿಯವರ ಹೆಸರನ್ನಿಟ್ಟು ಗುರುಋಣ ತೀರಿಸಿದರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಕೃತಿಯಲ್ಲಿ ತಿಳಿಗನ್ನಡದಲ್ಲಿ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಗಣಿತಕ್ಕೆ ಇಷ್ಟೂ ಉಪಕರಣ ಬೇಡ. ಗೋಕಾಕ ತಾಲ್ಲೂಕಿನ ಮಮದಾಪುರದ ಡಾ. ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿದರು. ಆದರೆ ಆ ವಿದ್ಯೆ ಅವರನ್ನು ಗಣಿತದ ತರಗತಿಗೆ ಕಟ್ಟಿಹಾಕಲಿಲ್ಲ. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಅನಂತರ ಪಂಜಾಬಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ಇನ್ನು ಹೆಣ್ಣುಮಕ್ಕಳ ಮಾತೆನ್ನುವಿರಾದರೆ, ರಾಜೇಶ್ವರಿ ಚಟರ್ಜಿಯವರು 1940ರ ದಶಕದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮರಳಿ, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗಿನ ಪ್ರಾಧ್ಯಾಪಕಿಯಾದರು.

ಇವೆಲ್ಲ ದೊಡ್ಡವರ ಮಾತಾಯಿತು, ನಮ್ಮ ಮನೆಯ ಹುಡುಗಿಯ ಹೊಟ್ಟೆಪಾಡೇನು ಎಂದು ಆ ತಂದೆ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಯು.ಜಿ.ಸಿ. ಹಾಗೂ ಸಿ.ಎಸ್.ಐ.ಆರ್. ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ 37,000 ರೂಪಾಯಿಯ ದರವನ್ನು 2023ರ ಜನವರಿಯಿಂದ ಅನ್ವಯಿಸಲಾಗಿದೆ. ಹಿರಿಯ ಸಂಶೋಧಕರಾದ ಮೇಲೆ 42,000. ಯು.ಜಿ.ಸಿ.ಯ 2022ರ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಹೆಚ್ಚುವರಿ ಕಾಲಾವಕಾಶವುಂಟು, ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯೂ ಉಂಟು. ಆದುದರಿಂದ ಮದುವೆ ಮತ್ತು ಸಂಶೋಧನೆಗಳಲ್ಲಿ ಒಂದನ್ನು ಬಿಡಲೇಬೇಕೆಂಬ ನಿರ್ಬಂಧವಿಲ್ಲ. ಬೀಗರಾಗುವವರಿಗೆ ಇದನ್ನು ಮೊದಲೇ ತಿಳಿಸುವುದು ಹಿರಿಯರ ಕರ್ತವ್ಯ.

ಸಿಹಿಯನ್ನು ಮಾತ್ರ ಬಡಿಸುವುದು ಧರ್ಮವಲ್ಲ. ಈ ವೇತನ ಎಲ್ಲರಿಗೂ ದೊರೆಯುವುದಿಲ್ಲ. ಡಾಕ್ಟರೇಟ್ ಪಡೆದೂ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುತ್ತಿರುವವರನ್ನು ನಾನು ಬಲ್ಲೆ. ಆದ್ದರಿಂದ ಮಾರ್ಗದರ್ಶಕರು ಎಂತಹವರು, ಅವರ ಶಿಷ್ಯರು ಈಗ ಎಲ್ಲಿದ್ದಾರೆ, ಪ್ರಯೋಗಾಲಯದಲ್ಲಿ ಅನುಕೂಲವಿದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಬೇಕು. ಅಧ್ಯಾಪನವೊಂದೇ ಗತಿಯೆಂದೂ ಭಾವಿಸಬಾರದು. ಸಸ್ಯಶಾಸ್ತ್ರಜ್ಞರಿಗೆ ಭಾರತೀಯ ಸಸ್ಯ ಸರ್ವೇಕ್ಷಣಾಲಯ, ಕೃಷಿ ಸಂಶೋಧನಾ ಕೇಂದ್ರಗಳು, ಔಷಧ ಮತ್ತು ಬೀಜದ ಕಂಪನಿಗಳು ಇವೆ. ಇತಿಹಾಸ ಓದಿದವರಿಗೆ ಪುರಾತತ್ತ್ವ ಇಲಾಖೆ, ವಸ್ತುಸಂಗ್ರಹಾಲಯ, ಪತ್ರಾಗಾರಗಳಿವೆ.

ಕೊನೆಗೆ ನಾನು ಅವರನ್ನು ಕೇಳಿದೆ: “ಅವಳು ಏನನ್ನು ಕುರಿತು ಸಂಶೋಧನೆ ಮಾಡುತ್ತಾಳಂತೆ?” ಅವರು ಕ್ಷಣ ತಡೆದು, “ನಮ್ಮ ಗುಡ್ಡದ ಕುರಿ ಕಾಯುವ ಹಿರಿಯರು ದನಕರುಗಳ ಬೇನೆಗೆ ಬಳಸುವ ಗಿಡಗಳ ಬಗ್ಗೆಯಂತೆ. ಅದನ್ನೆಲ್ಲ ಬಲ್ಲ ಮುದುಕರು ಈಗ ಮೂರು ಮಂದಿ ಮಾತ್ರ ಉಳಿದಿದ್ದಾರೆ” ಎಂದರು.

ನನಗೆ ಆ ಎರಡು ನೋಟ್‌ಬುಕ್ಕುಗಳು ನೆನಪಾದವು. ಆ ತರುಣನ ಕಥೆಯನ್ನೂ, ನಾನಾಡಿದ ಮಾತನ್ನೂ ಅವರಿಗೆ ಮುಚ್ಚಿಡದೆ ಹೇಳಿದೆ. “ನೌಕರಿ ನಾಲ್ಕು ವರ್ಷ ತಡವಾದರೂ ಬಂದೀತು. ಆ ಮೂವರು ಹಿರಿಯರು ಅಷ್ಟು ಕಾಲ ಕಾಯುವರೆಂದು ಯಾರು ಹೇಳಬಲ್ಲರು?” ಎಂದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಬರುವ ಹುಣ್ಣಿಮೆಗೆ ಮಗಳನ್ನೂ ಕರೆತರುವುದಾಗಿ ಹೇಳಿ ಹೊರಟರು. ಅವಳು ಬಂದರೆ ಬುದ್ಧಿವಾದ ಹೇಳುವುದಿಲ್ಲ. ಆ ಗಿಡಗಳ ಹೆಸರನ್ನು ಕೇಳಿ ಬರೆದುಕೊಳ್ಳುತ್ತೇನೆ.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮನೆಯ ಮಗ ಅಥವಾ ಮಗಳು ನಿಮಗೆ ತಿಳಿಯದ ವಿಷಯವೊಂದನ್ನು ಅಭ್ಯಸಿಸುವೆನೆಂದಾಗ, ‘ಇದರಿಂದ ಏನು ಬರುತ್ತದೆ’ ಎಂದು ಕೇಳುವ ಮೊದಲು ‘ಇದು ಏನು’ ಎಂದು ಕೇಳಿರಿ. ಪೂರ್ತಿ ಕೇಳಿಸಿಕೊಂಡ ಮೇಲೆ ಖರ್ಚುವೆಚ್ಚದ ಲೆಕ್ಕವನ್ನು ಅವಶ್ಯವಾಗಿ ಹಾಕಿರಿ. ನಾನು ಅಂದು ಆ ಮೊದಲ ಪ್ರಶ್ನೆಯನ್ನು ಕೇಳಲಿಲ್ಲ.