ನಾಣ್ಯದ ಹೊಳಪೂ ನಾಣ್ಯದ ಪ್ರಾಮಾಣ್ಯವೂ

ಹಳೆಯ ನಾಣ್ಯಗಳನ್ನು ವೃತ್ತಿಪರ ಸಂಸ್ಥೆಗಳಿಗೆ ಒಪ್ಪಿಸಿ ದರ್ಜೆ ಪಡೆಯುವ ಪದ್ಧತಿ ನಮ್ಮ ಸಂಗ್ರಾಹಕರಲ್ಲಿಯೂ ಕಾಣುತ್ತಿದೆ. 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ದೊಡ್ಡ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಮಾನವೇ ಈ ದರ್ಜೆಗಳಿಗೆ ಆಧಾರ. ದರ್ಜೆ ಏರಿದರೆ ಬೆಲೆಯೂ ಏರುತ್ತದೆ. ಆದುದರಿಂದ ಒಪ್ಪಿಸುವ ಮುನ್ನ ನಾಣ್ಯವನ್ನು ತಿಕ್ಕಿ ಬೆಳಗಿಸುವ ಆಸೆ ಹುಟ್ಟುತ್ತದೆ. ಆ ಆಸೆಯೇ ನಾಣ್ಯಕ್ಕೆ ದೊಡ್ಡ ಹಾನಿಯೆಂಬುದು ನನ್ನ ಅಭಿಪ್ರಾಯ.

ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳನ್ನೇ ನೋಡಬಹುದು. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು. ಮೌಲೂದಿ ಶಕೆಯವುಗಳಲ್ಲಿ ವರ್ಷದ ಅಂಕೆಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಕೆಲವುಗಳಲ್ಲಿ ಆನೆಯ ಮೇಲೆ ಒಂದೇ ಒಂದು ಅಕ್ಷರವಿರುತ್ತದೆ. ನಾಣ್ಯ ಎಲ್ಲಿಯದು, ಎಂದಿನದು ಎಂಬುದನ್ನು ಹೇಳುವವು ಈ ಸಣ್ಣ ಗೆರೆಗಳೇ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ನಾಣ್ಯವೂ ತಂಬಿಗೆಯಂತೆ ಹೊಳೆಯುತ್ತದೆ, ನಿಜ. ಆದರೆ ಹುಳಿ ಲೋಹವನ್ನು ತಿನ್ನುತ್ತದೆ, ಬೂದಿ ಗೀರುತ್ತದೆ, ಮೊದಲೇ ಸವೆದ ಅಂಕೆ ಅಳಿದುಹೋಗುತ್ತದೆ. ದರ್ಜೆ ನೀಡುವವರೂ ಇದಕ್ಕೆ ಮರುಳಾಗರು. ತಿಕ್ಕಿದ ನಾಣ್ಯವೆಂದು ಗುರುತಿಸಿ ಅಂಕವನ್ನೇ ನಿರಾಕರಿಸುತ್ತಾರೆ.

ಹಾಗಾದರೆ ಏನನ್ನೂ ಮಾಡಬಾರದೆ? ಬೆಳಗುವುದು ಬೇರೆ, ಸಂರಕ್ಷಿಸುವುದು ಬೇರೆ. ಪಿವಿಸಿ ಚೀಲದಲ್ಲಿ ವರ್ಷಗಟ್ಟಲೆ ಇದ್ದ ನಾಣ್ಯಕ್ಕೆ ಅಂಟಿದ ಹಸುರು ಜಿಗುಟನ್ನು ಶುದ್ಧ ಅಸಿಟೋನಿನಲ್ಲಿ ನೆನೆಸಿ, ಉಜ್ಜದೆ ತೆಗೆಯಬಹುದು. ಅದು ಲೋಹವನ್ನು ಕರಗಿಸದು. ತಾಮ್ರದ ಮೇಲೆ ತಿಳಿಹಸುರು ಪುಡಿಯಾಗಿ ಉದುರುವ ಕ್ಲೋರೈಡ್ ಕಿಲುಬು ತೇವದಲ್ಲಿ ಹಬ್ಬುವ ರೋಗ. ಅದನ್ನು ಸಂರಕ್ಷಣಾ ತಜ್ಞರಿಗೇ ಬಿಡಬೇಕು. ಬೆಳ್ಳಿಯ ಕಪ್ಪು ಗಂಧಕದಿಂದಾದ ತೆಳುಪೊರೆ. ಆಮ್ಲದಲ್ಲಿ ಅದ್ದಿ ಅದನ್ನು ತೆಗೆದರೆ ಆ ಪೊರೆಯಾಗಿ ಮಾರ್ಪಟ್ಟ ಬೆಳ್ಳಿಯೂ ಹೋಗುತ್ತದೆ, ಮೂಲ ಕಾಂತಿ ಮರಳದು.

ಇನ್ನೊಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾವಸ್ತು. ದರ್ಜೆಯ ನೆಪದಲ್ಲಿ ಅದನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ.

ತಾಮ್ರಶಾಸನ ದೊರೆತರೆ ಅದನ್ನು ಓದುವ ಮೊದಲು ಅರದಿಂದ ಉಜ್ಜುವ ವಿದ್ವಾಂಸರುಂಟೆ? ನಾಣ್ಯವೂ ಶಾಸನವೇ. ಆದುದರಿಂದ ಸಂಗ್ರಾಹಕರಲ್ಲಿ ನನ್ನ ವಿನಂತಿಯಿಷ್ಟು: ನಾಣ್ಯಕ್ಕೆ ಏನನ್ನಾದರೂ ಮಾಡುವ ಮೊದಲು ಅದರ ತೂಕ, ಅಳತೆ, ದೊರೆತ ಸ್ಥಳಗಳನ್ನು ಬರೆದಿಡಿ, ಎರಡೂ ಮುಖಗಳ ಚಿತ್ರ ತೆಗೆದಿಡಿ. ಸಂದೇಹವಿದ್ದರೆ ಇದ್ದಂತೆಯೇ ಬಿಡಿ. ದರ್ಜೆಯನ್ನು ಇನ್ನೊಮ್ಮೆ ಪಡೆಯಬಹುದು. ಅಳಿದ ಅಕ್ಷರವನ್ನು ಮರಳಿ ಪಡೆಯಲಾಗದು.