ತಲೆಕೆಳಗಾದ ರೂಟರ್

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮೂರ ಬಸ್ ನಿಲ್ದಾಣದ ಹಿಂದೆ ಮರಗೆಲಸದ ಶೆಡ್ ಇಟ್ಟುಕೊಂಡಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಅವನಿಗೆ ಎರಡು ಸಲ ಕೈಕೊಟ್ಟಿತ್ತು. ಕಳೆದ ಬೇಸಿಗೆ ರಜೆಯಲ್ಲಿ ಮನೆಗೆ ಬಂದು, "ಸಾರ್, ರೂಟರಿಗೆ ಒಂದು ಮೇಜು ಮಾಡ್ಕೋಬೇಕು. ಕೊಳ್ಳೋಕೆ ಹೋದ್ರೆ ದುಬಾರಿ. ಸ್ವಲ್ಪ ಲೆಕ್ಕ ಹೇಳಿಕೊಡಿ" ಎಂದ. ಇವನು ಲೆಕ್ಕ ಕೇಳಿದನಲ್ಲ ಎಂಬ ಸಂತೋಷಕ್ಕೇ ಹೊರಟುಬಿಟ್ಟೆ.

ಇದು ಇಂಟರ್‌ನೆಟ್ಟಿನ ರೂಟರ್ ಅಲ್ಲ. ಮೋಟಾರಿನ ತುದಿಗೆ ಹರಿತವಾದ ಬಿಟ್ ಸಿಕ್ಕಿಸಿ, ಮರದ ಅಂಚನ್ನು ದುಂಡಗೆ ಕೆತ್ತುವ, ಸಣ್ಣ ಕಾಲುವೆಯಂತೆ ತೋಡುವ ಯಂತ್ರ. ಸಾಮಾನ್ಯವಾಗಿ ಇದನ್ನು ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುತ್ತಾರೆ. ಆದರೆ ಸಣ್ಣ ಪಟ್ಟಿಯ ಮೇಲೆ ಯಂತ್ರ ಕೂರುವುದಕ್ಕೇ ಜಾಗವಿರುವುದಿಲ್ಲ. ಆಗ ಯಂತ್ರವನ್ನೇ ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು, ಬಿಟ್ ಮಾತ್ರ ರಂಧ್ರದಿಂದ ಮೇಲೆ ಇಣುಕುವಂತೆ ಮಾಡಿ, ಮರವನ್ನು ಅದರ ಬಳಿಗೆ ತಳ್ಳುತ್ತಾರೆ. ಮರ ಒರಗಿಕೊಂಡು ಸಾಗಲು ಹಿಂದೆ ಒಂದು ನೇರವಾದ ಪಟ್ಟಿ. ಅದಕ್ಕೆ ಫೆನ್ಸ್ ಎನ್ನುತ್ತಾರೆ.

18 ಮಿ.ಮೀ. ಪ್ಲೈವುಡ್ಡಿನ ಎರಡು ತುಂಡು ಅಂಟಿಸಿ ಮೇಲ್ಹಲಗೆ ಮಾಡಿದೆವು. ನಡುವೆ ಕಿಂಡಿ ಕೊರೆದು ಅಲ್ಯೂಮಿನಿಯಂ ಫಲಕ ಕೂರಿಸಿ ಅದಕ್ಕೆ ರೂಟರನ್ನು ತೂಗುಹಾಕಿದೆವು. ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿದರೆ ನಡುವೆ ಬೆಳಕು ಹಾಯುತ್ತಿತ್ತು. ಯಂತ್ರದ ಭಾರಕ್ಕೆ ಹಲಗೆ ಬಾಗಿತ್ತು. ಅಡಿಯಲ್ಲಿ ಎರಡು ರೀಪು ಬಿಗಿದ ಮೇಲೆ ಬೆಳಕು ನಿಂತಿತು.

ಫೆನ್ಸಿನ ವಿಷಯ ರುಚಿಕರ. ಅದು ಮೇಜಿನ ಅಂಚಿಗೆ ಸಮಾನಾಂತರ ಇರಲೇಬೇಕೆಂದು ಅವನು ಹಟ ಹಿಡಿದಿದ್ದ. ಬೇಕಾಗಿಲ್ಲ. ಬಿಟ್ ತನ್ನ ಅಕ್ಷದ ಸುತ್ತ ತಿರುಗುವ ವಸ್ತು. ಯಾವ ಕಡೆಯಿಂದ ನೋಡಿದರೂ ಒಂದೇ. ಆ ಅಕ್ಷದಿಂದ ಫೆನ್ಸಿಗಿರುವ ದೂರವಷ್ಟೇ ಮುಖ್ಯ, ಅದು ಎತ್ತ ವಾಲಿದ್ದರೂ ಸರಿ. ಹಾಗಾಗಿ ಒಂದು ತುದಿಯನ್ನು ಬೋಲ್ಟಿನಿಂದ ಗೂಟಕ್ಕೆ ಕಟ್ಟಿದಂತೆ ನಿಲ್ಲಿಸಿ ಇನ್ನೊಂದು ತುದಿಯನ್ನು ಮಾತ್ರ ಸರಿಸಬಹುದು. ಬೋಲ್ಟಿನಿಂದ ಬಿಟ್‌ಗೆ 20 ಸೆಂ.ಮೀ., ಸರಿಸುವ ತುದಿಗೆ 80 ಸೆಂ.ಮೀ. ಇರಲಿ. ತುದಿಯನ್ನು 1 ಮಿ.ಮೀ. ಸರಿಸಿದರೆ ಬಿಟ್ ಬಳಿ ಫೆನ್ಸ್ ಸರಿಯುವುದು ಸುಮಾರು ಕಾಲು ಮಿ.ಮೀ. ಮಾತ್ರ. ಯಾವ ದುಬಾರಿ ತಿರುಪೂ ಬೇಡ. ಹತ್ತನೇ ತರಗತಿಯ ಸಮರೂಪ ತ್ರಿಭುಜ ಸಾಕು. ಚಿತ್ರ ಬರೆದು ತೋರಿಸಿದೆ. "ಇದನ್ನ ಆವಾಗ್ಲೇ ಹೀಗೆ ಹೇಳಿದ್ರೆ ಪಾಸಾಗ್ತಿದ್ನಲ್ಲ ಸಾರ್" ಎಂದ. ಅವನಿಗೆ ಪಾಠ ಮಾಡಿದ್ದವನು ನಾನೇ.

ಆ ಹುಮ್ಮಸ್ಸಿನಲ್ಲಿ ಮೊದಲ ಪಟ್ಟಿಯನ್ನು ನಾನೇ ತಳ್ಳುತ್ತೇನೆಂದೆ. ಕೈಯಲ್ಲಿ ಹಿಡಿದಾಗ ರೂಟರನ್ನು ಎಡದಿಂದ ಬಲಕ್ಕೆ ಓಡಿಸುವುದನ್ನು ನೋಡಿದ್ದೆನಲ್ಲ, ಹಾಗೆಯೇ ಮರವನ್ನು ಎಡದಿಂದ ಬಲಕ್ಕೆ ತಳ್ಳಿದೆ. ಪಟ್ಟಿ ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಹೊಟ್ಟಿನ ಮೂಟೆಗೆ ಬಡಿಯಿತು. ಅದರ ಹಿಂದೆಯೇ ಜಾರಿದ ನನ್ನ ಬೆರಳು ಬಿಟ್‌ನಿಂದ ಎರಡು ಸೆಂ.ಮೀ. ದೂರದಲ್ಲಿ ನಿಂತಿತು. ಹುಡುಗ ಮಾತಾಡದೆ ಸ್ವಿಚ್ ಆರಿಸಿದ.

ವಿದ್ಯಾರ್ಥಿಗಳೇ, ಏನಾಯಿತು ನೋಡಿ. ಸೀಲಿಂಗ್ ಫ್ಯಾನ್ ಕೆಳಗಿನಿಂದ ಒಂದು ದಿಕ್ಕಿಗೆ ತಿರುಗುವಂತೆ ಕಂಡರೆ, ಮೇಲಿನಿಂದ ನೋಡುವವರಿಗೆ ಅದೇ ಎದುರು ದಿಕ್ಕು. ಹಾಗೆಯೇ, ಕೈಯಲ್ಲಿ ಹಿಡಿದಾಗ ಮೇಲಿನಿಂದ ಗಡಿಯಾರದ ಮುಳ್ಳಿನಂತೆ ತಿರುಗುವ ಬಿಟ್, ಮೇಜಿನ ಅಡಿಯಲ್ಲಿ ತಲೆಕೆಳಗಾದಾಗ ನಮ್ಮ ಕಣ್ಣಿಗೆ ಅಪ್ರದಕ್ಷಿಣವಾಗಿ ತಿರುಗುತ್ತದೆ. ನಮ್ಮ ಕಡೆಗಿರುವ ಅದರ ಮೈ ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ಮರವೂ ಅದೇ ದಿಕ್ಕಿಗೆ ಹೋದರೆ ಬಿಟ್ ಅದನ್ನು ಚಕ್ರದಂತೆ ಹಿಡಿದು ಎಸೆಯುತ್ತದೆ. ಬಲದಿಂದ ಎಡಕ್ಕೆ ತಳ್ಳಿದರೆ ಮಾತ್ರ ಅಲಗು ಎದುರಾಗಿ ಬಂದು ಮರವನ್ನು ಕತ್ತರಿಸುತ್ತದೆ, ಜೊತೆಗೆ ಫೆನ್ಸಿಗೆ ಒತ್ತಿಯೂ ಹಿಡಿಯುತ್ತದೆ. ಇದೇ ಕಾರಣಕ್ಕೆ ಬಿಟ್‌ಗೂ ಫೆನ್ಸಿಗೂ ನಡುವೆ ಮರ ತೂರಿಸಬಾರದು. ಅಲ್ಲಿ ಬಿಟ್‌ನ ಆಚೆ ಮೈ, ದಿಕ್ಕು ಉಲ್ಟಾ.

ವೇಗವನ್ನೂ ಲೆಕ್ಕ ಹಾಕಿ. ನಿಮಿಷಕ್ಕೆ 24,000 ಸುತ್ತು ಎಂದರೆ ಸೆಕೆಂಡಿಗೆ 400. 12 ಮಿ.ಮೀ. ವ್ಯಾಸದ ಬಿಟ್‌ನ ಅಂಚು ಗಂಟೆಗೆ ಸುಮಾರು 54 ಕಿ.ಮೀ. ವೇಗದಲ್ಲಿ ಓಡುತ್ತದೆ, ನಮ್ಮ ಸಾರಿಗೆ ಬಸ್ಸಿನಂತೆ. 50 ಮಿ.ಮೀ. ಬಿಟ್ ಹಾಕಿ, ಅದೇ ಅಂಚು 226 ಕಿ.ಮೀ.! ದೊಡ್ಡ ಬಿಟ್‌ಗೆ ಸುತ್ತು ಇಳಿಸಬೇಕೆನ್ನುವುದು ಇದಕ್ಕೇ.

ಪೋಷಕರಿಗೆ ಒಂದು ಮಾತು. ಮಕ್ಕಳು ಇಂಥ ಶೆಡ್ಡಿಗೆ ಹೋಗಿ ನೋಡಲಿ, ಕಲಿಯಲಿ, ಬೇಡವೆನ್ನಬೇಡಿ. ಆದರೆ ಬಲ್ಲವರು ಪಕ್ಕದಲ್ಲಿರಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ, ತೋಳು ಮಡಚಿರಲಿ. ಕೈಗವಸು ಬೇಡ, ಬಿಟ್ ಅದನ್ನು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ. ಬಿಟ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸಣ್ಣ ಪಟ್ಟಿಯನ್ನು ಬೆರಳಿನಿಂದಲ್ಲ, ಮರದ ತುಂಡಿನಿಂದಲೇ ತಳ್ಳಬೇಕು.

ಮರುವಾರ ಶೆಡ್ಡಿಗೆ ಹೋದಾಗ ಫಲಕದ ಮೇಲೆ ಬಲದಿಂದ ಎಡಕ್ಕೆ ಕೆಂಪು ಬಣ್ಣದಲ್ಲಿ ದಪ್ಪ ಬಾಣದ ಗುರುತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದ: "ಮೇಷ್ಟ್ರಿಗೂ."